ಕೂತು ಹೋಗುವವರ ಮನೆ

ನಮ್ಮ ಮನೆಯಲ್ಲಿ ಮುಂದೆ ಹೋಗಬೇಕಾದವರು ಮೊದಲು ಹಿಂದೆ ಹೋಗುತ್ತಿದ್ದರು. ಇದರಲ್ಲಿ ವೇದಾಂತ ಏನೂ ಇಲ್ಲ, ಬರೀ ಲೋಕಲ್ ಟ್ರೇನಿನ ವಿಷಯ. ಡೊಂಬಿವಲಿಯಲ್ಲಿ ಬೆಳಗಿನ ಹೊತ್ತು ಮುಂಬಯಿ ಕಡೆಯ ಗಾಡಿ ಹತ್ತಿ ಸೀಟು ಹಿಡಿದವರನ್ನು ನಾನು ಈವರೆಗೆ ಕಂಡಿಲ್ಲ. ಹತ್ತಿದವರು ಒಳಗೆ ಉಳಿದರೆ ಅದೇ ಹಿರಿಯರು ಮಾಡಿದ ಪುಣ್ಯ. ಹಾಗಾಗಿ ಕೂತು ಹೋಗುವ ಆಸೆ ಇದ್ದವರು ಎದುರಿನ ಪ್ಲಾಟ್‌ಫಾರಂಗೆ ಹೋಗಿ, ಉಲ್ಟಾ ದಿಕ್ಕಿನಲ್ಲಿ ಕಲ್ಯಾಣಕ್ಕೆ ಹೊರಟ ಖಾಲಿ ಗಾಡಿ ಹತ್ತಿ ಕೂರುತ್ತಾರೆ. ಆ ಗಾಡಿ ಕಲ್ಯಾಣ ಮುಟ್ಟಿ, ಅಲ್ಲಿಂದಲೇ ಮುಂಬಯಿಗೆ ತಿರುಗಿ ಹೊರಡುತ್ತದೆ. ಕಲ್ಯಾಣದ ಜನ ಬಾಗಿಲಿನಲ್ಲಿ ಬಡಿದಾಡಿ ಹತ್ತುವಾಗ ಇವರು ಕೂತಲ್ಲಿಂದ ಅಲ್ಲಾಡುವುದಿಲ್ಲ. ಅರ್ಧ ಮುಕ್ಕಾಲು ಗಂಟೆ ದಂಡ ಮಾಡಿ, ಹೊರಟ ಡೊಂಬಿವಲಿಗೇ ಮತ್ತೆ ಬಂದು, ಅಲ್ಲಿಂದ ಮುಂದಕ್ಕೆ ಕೂತು ಹೋಗುತ್ತಾರೆ. ಇದಕ್ಕೆ ನಮ್ಮ ಕಡೆ ‘ರಿಟರ್ನ್ ಮಾಡುವುದು’ ಎನ್ನುತ್ತಾರೆ.

ಅಪ್ಪ ರಿಟರ್ನ್ ಮಾಡುವುದರಲ್ಲಿ ಪಳಗಿದವನು. ಉಡುಪಿ ಕಡೆಯಿಂದ ಹುಡುಗನಾಗಿ ಬಂದು, ನೆಂಟರ ಹೋಟೆಲಿನಲ್ಲಿ ಬಿಲ್ಲು ಬರೆಯುತ್ತ ರಾತ್ರಿ ಕಾಲೇಜು ಓದಿ, ಮುಂಬಯಿಯ ಕೋಟೆ ಕಡೆಯ ಒಂದು ಕಂಪನಿಯಲ್ಲಿ ಗುಮಾಸ್ತನಾಗಿದ್ದ. ಜೀವನದಲ್ಲಿ ತಾನು ಗೆದ್ದದ್ದು ಅಂತ ಅವನು ಎದೆ ತಟ್ಟಿ ಹೇಳಬಹುದಾದದ್ದು ಆ ಕಿಟಕಿ ಪಕ್ಕದ ಸೀಟು ಒಂದೇ. ಯಾವ ಗಾಡಿ ತಿರುಗುತ್ತದೆ, ಯಾವ ಡಬ್ಬಿ ಕಲ್ಯಾಣದಲ್ಲಿ ಮೇಲ್ಸೇತುವೆಯ ಮೆಟ್ಟಿಲ ಬುಡದಲ್ಲಿ ನಿಲ್ಲುವುದಿಲ್ಲ, ಯಾವ ಬದಿಗೆ ಬಿಸಿಲು ಬೀಳುತ್ತದೆ, ಎಲ್ಲ ಅವನಿಗೆ ಬಾಯಿಪಾಠ. ಕಲ್ಯಾಣಕ್ಕೆ ಹೋಗುವಾಗ ಗಾಳಿಗೆ ಬೆನ್ನು ಕೊಟ್ಟು ಕೂರಬೇಕು, ಆಗ ಗಾಡಿ ತಿರುಗಿದ ಮೇಲೆ ಗಾಳಿ ಮುಖಕ್ಕೆ ಬರುತ್ತದೆ ಎಂಬುದು ಅವನು ಕಂಡುಕೊಂಡ ಸತ್ಯ. ನಿಂತು ಹೋಗುವವರನ್ನು ಕಂಡರೆ ಅವನಿಗೆ ಕನಿಕರ.

“ನಿಂತು ಹೋಗುವುದು ಸಾಮಾನು, ಕೂತು ಹೋಗುವುದು ಮನುಷ್ಯ,” ಎನ್ನುತ್ತಿದ್ದ.

ನಮ್ಮ ಬಿಲ್ಡಿಂಗು ಸ್ಟೇಷನ್ ದಾಟಿ, ಕಲ್ಯಾಣದ ಹಾದಿಯ ಠಾಕುರ್ಲಿ ಕಡೆಗೆ ಹೋಗುವಲ್ಲಿ, ಹಳಿಗೆ ಮುಖ ಮಾಡಿ ನಿಂತಿತ್ತು. ಎರಡನೇ ಮಾಳಿಗೆಯಲ್ಲಿ ನಮ್ಮದು ಒಂದು ಕೋಣೆ, ಒಂದು ಅಡುಗೆಮನೆ, ನಡುವೆ ಹೂವಿನ ಚಿತ್ರದ ಪರದೆ. ಅಡುಗೆಮನೆಯ ಕಿಟಕಿ ತೆರೆದರೆ ಎದುರಿಗೇ ಹಳಿ. ಬ್ರೇಕಿನ ಕಂದು ಪುಡಿ ಪಾತ್ರೆಗಳ ಮೇಲೆ, ಒಣಗಿಸಿದ ಬಟ್ಟೆಯ ಮೇಲೆ, ಕಾಯಿಸಿ ಇಟ್ಟ ಹಾಲಿನ ಮುಚ್ಚಳದ ಮೇಲೆ ಕೂರುತ್ತಿತ್ತು. ಅಮ್ಮ ದಿನಕ್ಕೆ ಎರಡು ಸಲ ಒರೆಸಿ ಆ ಗಾಡಿಗಳ ಕುಲವನ್ನೇ ಶಪಿಸುತ್ತಿದ್ದಳು. ಆದರೆ ಬೆಳಗ್ಗೆ ಒಂದು ಗಾಡಿಯನ್ನು ಮಾತ್ರ ಅವಳು ಶಪಿಸಿದವಳಲ್ಲ. ಅಪ್ಪ ಊಟದ ಡಬ್ಬಿ ಹಿಡಿದು ಮನೆಯಿಂದ ಹೊರಟು ಹೋದ ಸ್ವಲ್ಪ ಹೊತ್ತಿಗೆ, ಅವನು ಕೂತ ಗಾಡಿ ಕಲ್ಯಾಣದಿಂದ ತಿರುಗಿ ನಮ್ಮ ಕಿಟಕಿಯ ಎದುರು ಹಾದು ಹೋಗುತ್ತಿತ್ತು. ಅಪ್ಪ ಕಿಟಕಿಯಿಂದ ಕರವಸ್ತ್ರ ಆಡಿಸುತ್ತಿದ್ದ. ಅಮ್ಮ ಸೌಟು ಹಿಡಿದ ಕೈಯನ್ನೇ ಎತ್ತುತ್ತಿದ್ದಳು. ಬಾಗಿಲಲ್ಲಿ ಹೊರಡುವಾಗ ಅವರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ನೀರು ಬಂತಾ, ಛತ್ರಿ ತಗೊಂಡ್ರಾ, ಅಷ್ಟೇ. ಆ ಎರಡನೇ ಸಲದ ‘ಹೋಗಿ ಬರುತ್ತೇನೆ’ ಮಾತ್ರ ನಿಜವಾದದ್ದು. ಅದು ಮುಗಿದ ಮೇಲೆಯೇ ಅಮ್ಮ ತನ್ನ ಚಹಾ ಸೋಸಿಕೊಳ್ಳುತ್ತಿದ್ದಳು.

ಇಂಥ ಮನೆಯಲ್ಲಿ ನಳಿನಿ ಅತ್ತೆ ಇದ್ದಳು. ಅಪ್ಪನ ತಂಗಿ. ಊರಲ್ಲಿ ಅಜ್ಜ ಅಜ್ಜಿ ತೀರಿಕೊಂಡ ಮೇಲೆ ಫಿಸಿಕ್ಸ್‌ನಲ್ಲಿ ಎಂ.ಎಸ್ಸಿ.ಯ ಸರ್ಟಿಫಿಕೇಟು, ಎರಡು ಸೀರೆ ಪೆಟ್ಟಿಗೆ ಹಿಡಿದು ಅಣ್ಣನ ಮನೆಗೆ ಬಂದಿದ್ದಳು. ಕಲ್ಯಾಣದಲ್ಲಿ ಬಿ.ಎಡ್. ಮಾಡಿಕೊಂಡಳು. ಆ ಮೇಲೆ ಅಂಬರನಾಥದಲ್ಲಿ ಒಂದು ವರ್ಷ, ಠಾಣೆಯಲ್ಲಿ ಅರ್ಧ ವರ್ಷ, ಹೀಗೆ ಯಾರೋ ಹೆರಿಗೆ ರಜೆ ಹಾಕಿದಲ್ಲಿ ಅತ್ತೆ ಟೆಂಪರರಿ. ಪರೀಕ್ಷೆ ಮುಗಿದರೆ ನೌಕರಿಯೂ ಮುಗಿಯಿತು. ಮದುವೆಯ ಸಂಬಂಧಗಳೂ ಹಾಗೆಯೇ ಬಂದು, ಉಪ್ಪಿಟ್ಟು ತಿಂದು ಹೋದವು. ಉಳಿದದ್ದು ಮನೆಯ ಟ್ಯೂಷನ್. ಸಂಜೆ ನಾಲ್ಕಕ್ಕೆ ಒಂಬತ್ತನೇ ಕ್ಲಾಸಿನ ಮಕ್ಕಳು ಬಂದು ನಮ್ಮ ಒಂದೇ ಕೋಣೆಯನ್ನು ತುಂಬಿದರೆ ದೀಪ ಹಚ್ಚುವ ಹೊತ್ತಿನ ತನಕ ಅಮ್ಮನಿಗೆ ಅಡುಗೆಮನೆಯೇ ಗತಿ. ಬಾಗಿಲ ಹೊರಗೆ ಚಪ್ಪಲಿಯ ರಾಶಿ, ಪಕ್ಕದ ಮನೆಯವರ ತಕರಾರು, ಪರದೆಯ ಈ ಕಡೆ ಅಮ್ಮನ ಗೊಣಗಾಟ.

“ನಂಗೆ ಒಂದು ಸಲ ಕಾಲು ಚಾಚಿ ಕೂರ್ಲಿಕ್ಕೆ ಜಾಗ ಉಂಟಾ ಈ ಮನೆಯಲ್ಲಿ? ಎಲ್ಲಿ ನೋಡಿದ್ರೂ ಚಾಕ್ ಪುಡಿ.”

“ಅತ್ತಿಗೆ, ಅರ್ಧ ಗಂಟೆ. ಕೊನೇ ಲೆಕ್ಕ,” ಎಂದು ಅತ್ತೆ ಒಳಗಿನಿಂದಲೇ ಹೇಳುತ್ತಿದ್ದಳು. ಅತ್ತೆಯ ಕೊನೆಯ ಲೆಕ್ಕ ಯಾವತ್ತೂ ಕೊನೆಯದಾಗಿರಲಿಲ್ಲ.

ಚಾಕ್ ಪುಡಿಗೆ ಕಾರಣವಿತ್ತು. ಅತ್ತೆ ಪುಸ್ತಕ ತೆರೆಯುವುದಕ್ಕೆ ಮೊದಲು ನೆಲದ ಮೇಲೆ ಒಂದು ಉದ್ದದ ಗೆರೆ ಎಳೆಯುತ್ತಿದ್ದಳು, ಹೊರಬಾಗಿಲಿನಿಂದ ಅಡುಗೆಮನೆಯ ಹೊಸ್ತಿಲಿನ ತನಕ. ನಡುವೆ ಮಂಚದ ಕಾಲಿನ ಹತ್ತಿರ ಒಂದು ಸೊನ್ನೆ. ಆ ಸೊನ್ನೆ ಡೊಂಬಿವಲಿ. ಬಾಗಿಲಿನ ಕಡೆ ಮುಂಬಯಿ ಹಾದಿಯ ಠಾಣೆ ಸ್ಟೇಷನ್, ಅದು ಪ್ಲಸ್. ಅಡುಗೆಮನೆಯ ಕಡೆ ಕಲ್ಯಾಣ, ಅದು ಮೈನಸ್. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಗೆರೆಯ ಮೇಲೆ ನಡೆಸುತ್ತಿದ್ದಳು: ಕಲ್ಯಾಣಕ್ಕೆ ಹೋಗು, ತಿರುಗು, ಠಾಣೆಗೆ ಬಾ. ಈಗ ಹೇಳು, ಒಟ್ಟು ಎಷ್ಟು ನಡೆದಿ? ಹೊರಟ ಜಾಗದಿಂದ ಎಷ್ಟು ದೂರ ಇದ್ದಿ? ಎರಡೂ ಒಂದೇನಾ? ಗೆರೆ ಕಲ್ಯಾಣದ ಕೊನೆಯಲ್ಲಿ ಅಮ್ಮನ ಅಕ್ಕಿ ಡಬ್ಬಿಗೆ ತಾಗುತ್ತಿತ್ತು. ಅಲ್ಲಿ ತನಕ ಬಂದು ತಿರುಗುವ ಮಕ್ಕಳು ಪರದೆ ಸರಿಸಿ ಅಮ್ಮನಿಗೆ ಹಲ್ಲು ಕಿರಿಯುತ್ತಿದ್ದವು. ಅಪ್ಪನೇ ಅತ್ತೆಯ ಮುಖ್ಯ ಉದಾಹರಣೆ.

“ಅಂಕಲ್ ಬೆಳಗ್ಗೆ ಮನೆ ಬಿಟ್ಟರು. ಕಲ್ಯಾಣಕ್ಕೆ ಹೋದರು. ತಿರುಗಿ ಈ ಕಿಟಕಿಯ ಎದುರು ಬಂದರು. ಡಿಸ್‌ಪ್ಲೇಸ್‌ಮೆಂಟ್ ಎಷ್ಟು?” ಎಂದು ಅವಳು ಹಿಂದಿ ಮರಾಠಿ ಇಂಗ್ಲಿಷ್ ಕಲಸಿ ಕೇಳಿದರೆ,

“ಝೀರೋ, ಟೀಚರ್!” ಎಂದು ಇಡೀ ಕೋಣೆ ಕೂಗುತ್ತಿತ್ತು. ಭಾನುವಾರ ಮನೆಯಲ್ಲಿದ್ದರೆ ಅಪ್ಪನೂ ಮಕ್ಕಳ ಜೊತೆ ಸೇರಿ ಕೂಗುತ್ತಿದ್ದ. ಆಗ ಅದು ನಗುವ ಮಾತಾಗಿತ್ತು.

ನಾನು ಆ ವರ್ಷ ಒಂಬತ್ತನೆಯಲ್ಲಿದ್ದೆ. ಠಾಣೆಯ ಒಂದು ಜೂನಿಯರ್ ಕಾಲೇಜಿನಲ್ಲಿ ಫಿಸಿಕ್ಸ್‌ಗೆ ಒಂದು ಪರ್ಮನೆಂಟ್ ಜಾಗ ಖಾಲಿಯಾಯಿತು. ಅತ್ತೆ ಅಲ್ಲಿಯೇ ಹಿಂದೊಮ್ಮೆ ಅರ್ಧ ವರ್ಷ ಪಾಠ ಮಾಡಿದ್ದಳು. ಅವಳ ಕೆಲಸ ಕಂಡಿದ್ದ ಅಲ್ಲಿನ ಹಿರಿಯ ಮೇಡಮ್ ಒಬ್ಬರು, ಡೆಮೋ ಪಾಠ ಚೆನ್ನಾಗಿ ಮಾಡಿ ಬಿಡು, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ ಎಂದು ಹೇಳಿ ಕಳಿಸಿದ್ದರು. ವಯಸ್ಸಿನ ಮಿತಿಗೆ ಅತ್ತೆಗೆ ಅದೇ ಕೊನೆಯ ವರ್ಷ. ಈ ಬಾಗಿಲು ಮುಚ್ಚಿದರೆ ಸರಕಾರದ ಸಂಬಳದ ಯಾವ ಬಾಗಿಲೂ ಅವಳಿಗೆ ಮತ್ತೆ ತೆರೆಯುವಂತಿರಲಿಲ್ಲ; ನಮ್ಮ ಮಂಚದ ಕಾಲಿನ ಹತ್ತಿರವೇ ಅವಳ ಆಯುಷ್ಯ ಕಳೆಯಬೇಕು. ಇದು ಮನೆಯ ಎಲ್ಲರಿಗೂ ಗೊತ್ತಿತ್ತು. ಡೆಮೋಗೆ ಕೊಟ್ಟ ಪಾಠ ಯಾವುದು ಗೊತ್ತೇ? ನೇರ ಗೆರೆಯಲ್ಲಿ ಚಲನೆ. ಅತ್ತೆಗೆ ನಂಬಲಿಕ್ಕೇ ಆಗಲಿಲ್ಲ. ಅಪ್ಪ ಅದನ್ನು ದೇವರ ಕೃಪೆ ಎಂದು ಕರೆದು, ದೇವರ ಫೋಟೋಗೆ ಎರಡು ಊದುಬತ್ತಿ ಹೆಚ್ಚಿಗೆ ಹಚ್ಚಿದ.

ಆ ವಾರ ನಮ್ಮ ಮನೆಯಲ್ಲಿ ಜಗಳ ನಿಂತಿತು. ಸಂಜೆ ಕರೆಂಟು ಹೋದಾಗ ಮೇಣದಬತ್ತಿಯ ಬೆಳಕಿನಲ್ಲಿ ನಾವು ಅತ್ತೆಯ ಡೆಮೋ ನೋಡುವ ಕಮಿಟಿಯಾದೆವು. ಅಪ್ಪ ಪ್ರಿನ್ಸಿಪಾಲ್, ಮಂಚದ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತ. ನಾನು ವಿದ್ಯಾರ್ಥಿ. ಅಮ್ಮ, ಅಕ್ಕಿ ಆರಿಸುತ್ತ, ವಿಷಯ ತಜ್ಞೆ.

“ಮೇಡಮ್, ಒಂದು ಡೌಟು,” ಎಂದಳು ಅಮ್ಮ. “ಸ್ಪೀಡು ಅಂತೀರಿ, ವೆಲಾಸಿಟಿ ಅಂತೀರಿ. ಒಂದಕ್ಕೇ ಎರಡು ಹೆಸರು ಎಂತಕ್ಕೆ? ಪುಸ್ತಕ ದಪ್ಪ ಮಾಡ್ಲಿಕ್ಕಾ?”

“ಒಳ್ಳೆ ಪ್ರಶ್ನೆ,” ಎಂದಳು ಅತ್ತೆ ಗಂಭೀರವಾಗಿ. “ನೋಡಿ ಅತ್ತಿಗೆ, ನೀವು ದಿನ ಇಡೀ ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ ಓಡ್ತೀರಿ. ಎಷ್ಟು ಜೋರು ಓಡಿದ್ರಿ ಅಂತ ಕೇಳಿದ್ರೆ ಸ್ಪೀಡು. ಯಾವ ಕಡೆಗೆ ಜೋರು ಅಂತಲೂ ಕೇಳಿದ್ರೆ ವೆಲಾಸಿಟಿ. ಸಾಯಂಕಾಲ ಆಗುವಾಗ ಹೊರಟಲ್ಲಿಂದ ಎಷ್ಟು ದೂರ, ಯಾವ ದಿಕ್ಕಿಗೆ ಮುಟ್ಟಿದ್ರಿ ಅಂತ ಕೇಳಿದ್ರೆ ಡಿಸ್‌ಪ್ಲೇಸ್‌ಮೆಂಟ್.”

“ಎಲ್ಲಿ ಮುಟ್ಟುದು ಮಾರಾಯ್ತಿ, ಅಡುಗೆಮನೆಯಲ್ಲೇ ಇದ್ದೇನಲ್ಲ!”

“ಅದೇ ಸೊನ್ನೆ.”

ಅಮ್ಮ ನಕ್ಕಳು. ಮೊರ ಕೆಳಗಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆಮೇಲೆ ಮತ್ತೆ ಅಕ್ಕಿಯಲ್ಲಿ ಕಲ್ಲು ಹುಡುಕತೊಡಗಿದಳು. ನನ್ನ ಬಾಲ್ಯದಲ್ಲಿ ನಾಲ್ಕು ಜನವೂ ಒಟ್ಟಿಗೆ ಸಂತೋಷವಾಗಿದ್ದ ಹೊತ್ತು ಯಾವುದು ಎಂದು ಯಾರಾದರೂ ಕೇಳಿದರೆ ನಾನು ಆ ಮೇಣದಬತ್ತಿಯ ಸಂಜೆಗಳನ್ನೇ ತೋರಿಸಬೇಕು. ಬೇರೆ ನನ್ನ ಹತ್ತಿರ ಇಲ್ಲ.

ಸೀರೆಯ ಜವಾಬ್ದಾರಿ ಅಮ್ಮ ತಾನಾಗಿ ತೆಗೆದುಕೊಂಡಳು. ಅತ್ತೆಯ ನೀಲಿ ಕಾಟನ್ ಸೀರೆಯನ್ನು ಗಂಜಿಯಲ್ಲಿ ಅದ್ದಿ, ಹಳಿಯ ಪುಡಿ ಬೀಳದ ಹಾಗೆ ಕೋಣೆಯ ಒಳಗೇ ಹಗ್ಗ ಕಟ್ಟಿ ಒಣಗಿಸಿ, ಇಸ್ತ್ರಿಯವನ ಕೈಗೆ ಕೊಡದೆ ತಾನೇ ಇಸ್ತ್ರಿ ಮಾಡಿದಳು. ಸೀರೆ ನೆಲದ ಮೇಲೆ ತಾನೇ ನಿಲ್ಲುವಷ್ಟು ಖಡಕ್ಕಾಗಿತ್ತು. ಇದನ್ನು ಉಟ್ಟು ಲೇಡೀಸ್ ಡಬ್ಬಿಯಲ್ಲಿ ನಿಂತು ಹೋಗುವುದುಂಟೇ? ಠಾಣೆ ಬರುವಾಗ ಮುದ್ದೆಯಾಗಿರುತ್ತದೆ. ಡೊಂಬಿವಲಿಯಿಂದ ಠಾಣೆಗೆ ಸ್ಲೋ ಗಾಡಿಯಲ್ಲೂ ಅರ್ಧ ಗಂಟೆಯ ದಾರಿ ಇಲ್ಲ. ಆದರೂ ಅತ್ತೆ ಕೂತೇ ಹೋಗಬೇಕು ಎಂದು ಅಪ್ಪ ತೀರ್ಮಾನಿಸಿದ.

“ರಿಟರ್ನ್ ಮಾಡು ನಳಿನಿ. ಬೇಗ ಹೊರಡುವ. ಕಿಟಕಿ ಹತ್ತಿರ ಕೂತು, ಕಣ್ಣು ಮುಚ್ಚಿ, ಪಾಠ ಒಂದು ಸಲ ಮಂಡೆಯಲ್ಲಿ ಓಡಿಸು. ರಾಣಿ ಹಾಗೆ ಇಳೀಬಹುದು.”

“ಅಣ್ಣ, ನಂಗೆ ಇದೆಲ್ಲ ಅಭ್ಯಾಸ ಇಲ್ಲ. ಯಾವ ಗಾಡಿ ತಿರುಗ್ತದೆ ಅಂತ ನಂಗೆ ಹೇಗೆ ಗೊತ್ತಾಗಬೇಕು?”

“ನಾನಿದ್ದೇನಲ್ಲ. ಹತ್ತಿಸಿಯೇ ಬರ್ತೇನೆ.”

ಅವತ್ತು ಅಪ್ಪ ರಜೆ ಹಾಕಿದ. ಅತ್ತೆ ದೇವರಿಗೆ, ಅಮ್ಮನಿಗೆ, ಅಪ್ಪನಿಗೆ ನಮಸ್ಕಾರ ಮಾಡಿ ಹೊರಟಳು. ಹೊರಡುವಾಗ ನೆಲದ ಗೆರೆಯನ್ನು ತುಳಿಯದೆ ದಾಟಿದ್ದು ನನಗೆ ನೆನಪಿದೆ. ಅಪ್ಪ ಅವಳನ್ನು ಕಲ್ಯಾಣದ ಕಡೆಯ ಪ್ಲಾಟ್‌ಫಾರಂಗೆ ಕರೆದುಕೊಂಡು ಹೋಗಿ, ತನ್ನ ಗಾಡಿ ಬರುವ ಹೊತ್ತಿಗೆ ಬಂದ ಗಾಡಿಗೆ ಹತ್ತಿಸಿ, ಅವಳು ತಾನು ಹೇಳಿದ ಹಾಗೆ ಗಾಳಿಗೆ ಬೆನ್ನು ಕೊಟ್ಟು ಕಿಟಕಿಗೆ ಕೂತದ್ದನ್ನು ಕಣ್ಣಾರೆ ನೋಡಿ, ಜಂಬದಿಂದ ಮನೆಗೆ ಬಂದ.

“ಕಿಟಕಿ ಸೀಟು. ಪಕ್ಕದಲ್ಲಿ ಯಾರೂ ಇಲ್ಲ. ಸೀರೆಗೆ ಗಾಳಿ ಸಹ ತಾಗ್ಲಿಕ್ಕಿಲ್ಲ,” ಎಂದು ಅಮ್ಮನಿಗೆ ವರದಿ ಒಪ್ಪಿಸಿದ.

ನಾವು ಮೂವರೂ ಅಡುಗೆಮನೆಯ ಕಿಟಕಿಯಲ್ಲಿ ನಿಂತೆವು. ಎರಡನೇ ಸಲದ ‘ಹೋಗಿ ಬರುತ್ತೇನೆ’ ಅತ್ತೆಗೂ ಆಗಬೇಕಲ್ಲ. ಅಮ್ಮ ಒಲೆಯ ಮೇಲೆ ಹೆಸರುಬೇಳೆ ಇಟ್ಟಿದ್ದಳು, ಪಾಯಸಕ್ಕೆ. ಒಂದು ಗಾಡಿ ಹೋಯಿತು. ಅಪ್ಪ, ಇದಲ್ಲ ಎಂದ. ಇನ್ನೊಂದು ಬಂತು. ಅಪ್ಪ ಎರಡೂ ಕೈ ಎತ್ತಿ ಆಡಿಸಿದ, ನಾನೂ ಆಡಿಸಿದೆ. ಲೇಡೀಸ್ ಡಬ್ಬಿಯ ಕಿಟಕಿಗಳಲ್ಲಿ ತಲೆಗಳು, ಜಡೆಗಳು, ಹೂಗಳು ಸರ್ರೆಂದು ಹೋದವು. ನೀಲಿ ಸೀರೆ ನನಗೆ ಕಾಣಿಸಲಿಲ್ಲ.

“ಕಂಡಳಾ?” ಎಂದಳು ಅಮ್ಮ.

“ಕಂಡಳಲ್ಲ! ಕೈ ಆಡಿಸಿದಳಲ್ಲ!” ಎಂದ ಅಪ್ಪ.

ಅಪ್ಪ ಸುಳ್ಳು ಹೇಳಿದ್ದಲ್ಲ. ಅವನಿಗೆ ನಿಜವಾಗಿಯೂ ಕಂಡಿತ್ತು. ಮನುಷ್ಯನಿಗೆ ಬೇಕಾದದ್ದು ಹಾಗೆ ಕಾಣುತ್ತದೆ. ಅಮ್ಮ ಚಹಾ ಸೋಸಿದಳು.

ಆಗಿದ್ದು ಇಷ್ಟು. ಅಪ್ಪನ ಕಲ್ಯಾಣ ಗಾಡಿ ಅವತ್ತು ತಡವಾಗಿತ್ತು. ಅದರ ಹೊತ್ತಿಗೆ, ಅದೇ ಪ್ಲಾಟ್‌ಫಾರಂಗೆ ಬಂದದ್ದು ಟಿಟ್ವಾಳಾ ಗಾಡಿ. ಅದು ಕಲ್ಯಾಣದಲ್ಲಿ ತಿರುಗುವುದಿಲ್ಲ, ಮುಂದಕ್ಕೆ ಹೋಗುತ್ತದೆ. ದಿನಾ ಬರುವ ಜನ ಮೇಲಿನ ಇಂಡಿಕೇಟರ್ ಫಲಕ ನೋಡಿ ಹಿಂದೆ ಸರಿದಿದ್ದರು. ಅದಕ್ಕೇ ಡಬ್ಬಿ ಅಷ್ಟು ಖಾಲಿ ಇತ್ತು. ಅಪ್ಪ ಇಂಡಿಕೇಟರ್ ನೋಡಲಿಲ್ಲ. ಇಷ್ಟು ವರ್ಷ ರಿಟರ್ನ್ ಮಾಡಿದವನು ಇಂಡಿಕೇಟರ್ ನೋಡುತ್ತಾನೆಯೇ? ಕಲ್ಯಾಣದಲ್ಲಿ ಒಂದಷ್ಟು ಜನ ಇಳಿದರು, ಬುಟ್ಟಿ ಹಿಡಿದ ಹೆಂಗಸರು ಹತ್ತಿದರು. ಅತ್ತೆ ಕಣ್ಣು ಮುಚ್ಚಿಕೊಂಡು, ಅಪ್ಪ ಹೇಳಿದ ಹಾಗೆ, ಪಾಠ ಓಡಿಸುತ್ತಿದ್ದಳು. ಅವಳು ಕಣ್ಣು ಬಿಟ್ಟದ್ದು ಗಾಡಿ ನದಿಯ ಸೇತುವೆಯ ಮೇಲೆ ಗಡಗಡ ಎಂದಾಗ. ಡೊಂಬಿವಲಿಗೂ ಕಲ್ಯಾಣಕ್ಕೂ ನಡುವೆ ಅಂಥ ಸೇತುವೆ ಇಲ್ಲ. ಮುಂದಿನ ಸ್ಟೇಷನ್ ಅಂಬಿವಲಿಯಲ್ಲಿ ಇಳಿದಳು. ತಿರುಗಿ ಬರುವ ಹಳಿಯಲ್ಲಿ ಎಲ್ಲೋ ಹಿಂದೆ ಗೂಡ್ಸ್ ಗಾಡಿ ಕೆಟ್ಟು ನಿಂತಿತ್ತು. ಬಹಳ ಹೊತ್ತಿನ ತನಕ ಗಾಡಿಯೇ ಇಲ್ಲ. ಅತ್ತೆ ಸ್ಟೇಷನ್ನಿನ ಹೊರಗಿನ ಬೂತಿನಿಂದ ಕಾಲೇಜಿಗೆ ಫೋನು ಮಾಡಿದಳಂತೆ. ರಿಂಗಾಯಿತು, ಯಾರೂ ಎತ್ತಲಿಲ್ಲ. ಠಾಣೆ ಮುಟ್ಟುವಾಗ ಮಧ್ಯಾಹ್ನ ಕಳೆದಿತ್ತು. ಕಮಿಟಿ ಊಟ ಮಾಡಿ ಹೊರಟು ಹೋಗಿತ್ತು. ಪ್ಯೂನ್ ಕುರ್ಚಿಗಳನ್ನು ಒಂದರ ಮೇಲೊಂದು ಇಡುತ್ತಿದ್ದ.

ಇದನ್ನೆಲ್ಲ ಅತ್ತೆ ಹೇಳಿದ್ದು ಮಂಚದ ಮೇಲೆ ಕೂತು, ಯಾರದೋ ಮನೆಯ ಸುದ್ದಿ ಹೇಳುವ ಧ್ವನಿಯಲ್ಲಿ. ಸೀರೆಗೆ ಒಂದು ಸುಕ್ಕೂ ಬಿದ್ದಿರಲಿಲ್ಲ. ಅಂಬಿವಲಿಯಿಂದ ಠಾಣೆಗೆ, ಠಾಣೆಯಿಂದ ಮನೆಗೆ, ಎಲ್ಲ ಕಡೆ ಸೀಟು ಸಿಕ್ಕಿತ್ತು.

“ಅಣ್ಣ ಹೇಳಿದ ಹಾಗೇ ಕೂತಿದ್ದೆ,” ಎಂದಳು. “ಕಲ್ಯಾಣ ಬಿಟ್ಟ ಮೇಲೆ ಗಾಳಿ ಮುಖಕ್ಕೆ ಬರ್ಬೇಕಿತ್ತಲ್ಲ. ಬರ್ಲಿಲ್ಲ. ಇವತ್ತು ಗಾಳಿ ಇಲ್ಲ ಅಂತ ಎಣಿಸಿದೆ. ವೆಲಾಸಿಟಿಗೆ ದಿಕ್ಕು ಉಂಟು ಅಂತ ಮನಸ್ಸಿನಲ್ಲಿ ಹೇಳ್ಕೊಳ್ತಾ ಇದ್ದೆ ಅತ್ತಿಗೆ, ಅಷ್ಟೊತ್ತಿಗೆ.”

ಅಪ್ಪ ಬಾಗಿಲ ಹತ್ತಿರ ನಿಂತಿದ್ದ. ಕೂರು ಎಂದರೂ ಕೂರಲಿಲ್ಲ.

“ನಾನು ನೋಡ್ಬೇಕಿತ್ತು,” ಎಂದ. “ಮಂಡೆ ಎತ್ತಿದ್ರೆ ಕಾಣ್ತಿತ್ತು. ಇಷ್ಟು ದೊಡ್ಡ ಅಕ್ಷರದಲ್ಲಿ ಇರ್ತದೆ.”

“ನಿಂತು ಹೋಗಿದ್ರೆ ಎಂತ ಆಗ್ತಿತ್ತು?” ಅಮ್ಮನ ಧ್ವನಿ ಒಮ್ಮೆಲೇ ಏರಿತು. “ಹೇಳಿ, ಎಂತ ಆಗ್ತಿತ್ತು? ಎಲ್ಲರೂ ಹೋಗುದಿಲ್ವಾ ನಿಂತು? ಆ ಹಾಳು ಸೀರೆಗೆ ಗಂಜಿ ಹಾಕಿದ್ದು ನಾನು. ನನ್ನ ಕೈ ಕಡೀಬೇಕು.”

ಅವಳು ಪಾತ್ರೆ ಕುಕ್ಕಿದ ಸದ್ದಿಗೆ ಪಕ್ಕದ ಮನೆಯ ರೇಡಿಯೋ ಸಣ್ಣದಾಯಿತು. ಆಮೇಲೆ ಅತ್ತೆ ಎದ್ದು, ಸೀರೆ ಬದಲಾಯಿಸಿ, ಕೈಕಾಲು ತೊಳೆದು ಬಂದು ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡಳು. ಪಾಯಸ ಹಾಕಿ ಅತ್ತಿಗೆ, ಹಾಳು ಮಾಡುವುದು ಬೇಡ ಎಂದಳು. ಅಮ್ಮ ಬಡಿಸಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಮಾತನ್ನು ನಾವು ಮಕ್ಕಳಾಗಿದ್ದಾಗ ಗಾದೆಯ ಪಟ್ಟಿಯಲ್ಲಿ ಉರು ಹೊಡೆಯುತ್ತೇವೆ. ನನಗೆ ಅದು ಅವತ್ತಿನಿಂದ ಅತ್ತೆ ಪಾಯಸ ತಿಂದ ರೀತಿ. ನಾಲ್ಕು ಗಂಟೆಗೆ ಮಕ್ಕಳು ಬಂದರು. ಅವಳು ಗೆರೆ ಎಳೆದಳು.

ಕಾಲ ಎಲ್ಲವನ್ನೂ ಮರೆಸುತ್ತದೆ ಎನ್ನುವವರು ನಮ್ಮ ಮನೆಗೆ ಬಂದು ನೋಡಬೇಕಿತ್ತು. ಅಲ್ಲಿ ಯಾರೂ ಯಾರನ್ನೂ ಬಯ್ಯಲಿಲ್ಲ, ಅದೇ ಕಷ್ಟ. ಅತ್ತೆ ಅಣ್ಣನಿಗೆ ಒಂದು ಕಟು ಮಾತೂ ಆಡಲಿಲ್ಲ. ಆಡಿದ್ದರೆ ಅಪ್ಪ ಅತ್ತು, ಕ್ಷಮೆ ಕೇಳಿ, ಮತ್ತೆ ಮನುಷ್ಯನಾಗುತ್ತಿದ್ದನೋ ಏನೋ. ಅವನು ಮರುದಿನದಿಂದ ರಿಟರ್ನ್ ಮಾಡುವುದನ್ನು ಬಿಟ್ಟ. ಯಾರಿಗೂ ಹೇಳಿ ಬಿಟ್ಟದ್ದಲ್ಲ. ನಮಗೆ ಗೊತ್ತಾದದ್ದು ಕಿಟಕಿಯಿಂದ. ಅಮ್ಮ ಸೌಟು ಹಿಡಿದು ನಿಂತಳು, ಗಾಡಿ ಬಂತು, ಹೋಯಿತು. ಅಪ್ಪ ಅದರಲ್ಲಿ ಇರಲಿಲ್ಲ. ಅವನು ಆ ಹೊತ್ತಿಗೆ ಡೊಂಬಿವಲಿಯಿಂದಲೇ ನೇರ ಗಾಡಿ ಹತ್ತಿ, ಬಾಗಿಲಿನ ಹತ್ತಿರ ಒಂದು ಕೈ ಮೇಲೆ ಮಾಡಿ ಜೋತಾಡುತ್ತ, ಠಾಣೆಯ ಹಾದಿಯ ಮುಂಬ್ರಾ ದಾಟಿರುತ್ತಿದ್ದ. ಅಮ್ಮ ಕೆಲವು ದಿನ ಕಿಟಕಿಯಲ್ಲಿ ನಿಂತಳು. ಆಮೇಲೆ ಆ ಕಿಟಕಿಗೆ ಹಳೆಯ ಸೀರೆಯ ಪರದೆ ಹಾಕಿದಳು, ಪುಡಿ ಬರುತ್ತದೆ ಎಂದು. ಚಹಾ ಯಾವಾಗ ಕುಡಿಯುತ್ತಿದ್ದಳೋ ನಾನು ನೋಡಲಿಲ್ಲ.

ಅಪ್ಪನ ಬೆನ್ನು ಮೊದಲಿನಿಂದಲೂ ಅಷ್ಟಕ್ಕಷ್ಟೇ. ಹೋಗುವಾಗ ಒಂದೂಕಾಲು ಗಂಟೆ, ಬರುವಾಗ ಅಷ್ಟೇ, ವರ್ಷಗಟ್ಟಲೆ ನಿಂತರೆ ಯಾವ ಬೆನ್ನು ತಾಳುತ್ತದೆ? ಡಾಕ್ಟರು ನಿಲ್ಲಬೇಡಿ ಎಂದರು. ಅಮ್ಮ ಕಾಲಿಗೆ ಬೀಳುವುದೊಂದು ಬಾಕಿ. ಅತ್ತೆಯೂ ಒಂದು ದಿನ ಬಾಯಿಬಿಟ್ಟು ಹೇಳಿದಳು, ಅಣ್ಣ, ಮೊದಲಿನ ಹಾಗೆ ಕಲ್ಯಾಣಕ್ಕೆ ಹೋಗಿ ಬಾ, ನನ್ನಾಣೆ ಎಂದು.

“ಸಾಮಾನಿಗೆ ಎಂತ ಸೀಟು,” ಎಂದ ಅಪ್ಪ. ತಮಾಷೆಯ ಹಾಗೆ ಹೇಳಿದ. ಯಾರೂ ನಗಲಿಲ್ಲ. ಕೊನೆಗೆ ಬೆನ್ನುಹುರಿಯ ಯಾವುದೋ ಬಿಲ್ಲೆ ಜಾರಿ, ನೌಕರಿ ಮುಗಿಯುವ ಮೊದಲೇ ಬಿಟ್ಟು ಮನೆಯಲ್ಲಿ ಬಿದ್ದುಕೊಂಡ. ಮಂಚ ಮೆತ್ತಗೆ ಎಂದು ನೆಲದ ಮೇಲೆ ಚಾಪೆ. ಕೋಣೆಯಲ್ಲಿ ಟ್ಯೂಷನ್ ನಡೆಯುವಾಗ ಅಡುಗೆಮನೆಯಲ್ಲಿ, ಅಕ್ಕಿ ಡಬ್ಬಿಯ ಪಕ್ಕದಲ್ಲಿ, ಅವನ ಚಾಪೆ. ಅತ್ತೆಯ ಗೆರೆಯ ಮೈನಸ್ ಕೊನೆ ಅವನ ಕಾಲಿನ ಹತ್ತಿರ ಮುಗಿಯುತ್ತಿತ್ತು. ಟ್ಯೂಷನ್ನಿಗೆ ಬರುವ ಮಕ್ಕಳೂ ಕಡಿಮೆಯಾಗುತ್ತ ಬಂದರು. ಸ್ಟೇಷನ್ ರೋಡಿನಲ್ಲಿ ಏಸಿ ಹಾಕಿದ, ಗಾಜಿನ ಬಾಗಿಲಿನ ಕ್ಲಾಸುಗಳು ಬಂದಿದ್ದವು. ನೆಲದ ಮೇಲೆ ಕೂತು ಕಲಿಯುವ ಕಾಲ ಮುಗಿದಿತ್ತು. ಬಾಗಿಲ ಹೊರಗೆ ಚಪ್ಪಲಿಗಳು ಕಡಿಮೆಯಾದವು ಎಂದು ಪಕ್ಕದವರು ಸಂತೋಷಪಟ್ಟರು. ಅಮ್ಮನಿಗೆ ಈಗ ಕಾಲು ಚಾಚಲು ಜಾಗವಿತ್ತು. ಅವಳು ಚಾಚಲಿಲ್ಲ.

ಈ ಮನೆ ನನಗೆ ಏನು ಕೊಟ್ಟಿತು ಎಂದು ನಾನು ಕೆಲವು ಸಲ ಯೋಚಿಸುತ್ತೇನೆ. ನಾನೂ ಫಿಸಿಕ್ಸೇ ಓದಿದೆ. ನವಿ ಮುಂಬಯಿಯ ಕಳಂಬೋಲಿ ಕಡೆಯ ಒಂದು ಕಾಲೇಜಿನಲ್ಲಿ, ಗಂಟೆಗೆ ಇಷ್ಟು ಎಂಬ ಲೆಕ್ಕದಲ್ಲಿ, ಅದೇ ಪಾಠ ಮಾಡುತ್ತೇನೆ. ಪ್ರತಿ ಜೂನ್‌ನಲ್ಲಿ ಕರೆಯುತ್ತಾರೆ, ಪ್ರತಿ ಮಾರ್ಚ್‌ನಲ್ಲಿ ಮರೆಯುತ್ತಾರೆ. ಪರ್ಮನೆಂಟ್ ಎಂಬ ಶಬ್ದ ಈಗ ಯಾರ ಬಾಯಲ್ಲೂ ಇಲ್ಲ. ಅತ್ತೆಗೆ ಕೈತಪ್ಪಿದ್ದಾದರೂ ಇತ್ತು, ನನಗೆ ಕೈತಪ್ಪಲಿಕ್ಕೂ ಏನಿಲ್ಲ. ಬಸ್ಸಿನಲ್ಲಾಗಲಿ ಗಾಡಿಯಲ್ಲಾಗಲಿ ಪಕ್ಕದ ಸೀಟು ಖಾಲಿಯಾದರೆ ನನ್ನ ಮೈ ಹಿಂದೆ ಸರಿಯುತ್ತದೆ. ಮೊದಲು ಮೇಲಿನ ಫಲಕ ನೋಡುತ್ತೇನೆ, ಪಕ್ಕದವರನ್ನು ಕೇಳುತ್ತೇನೆ, ಮತ್ತೆ ಫಲಕ ನೋಡುತ್ತೇನೆ. ಅಷ್ಟರಲ್ಲಿ ಬೇರೆ ಯಾರೋ ಕೂತಿರುತ್ತಾರೆ. ಹಾಗೆ ನಾನು ಬಾಳಿನಲ್ಲಿ ಬಿಟ್ಟುಕೊಟ್ಟದ್ದು ಬರೀ ಸೀಟುಗಳನ್ನಲ್ಲ.

ಕೊನೆಯ ವರ್ಷದ ಟ್ಯೂಷನ್ನಿನ ಒಂದು ಸಂಜೆ ನಾನು ಮನೆಯಲ್ಲಿದ್ದೆ. ಮಕ್ಕಳು ಬೆರಳೆಣಿಕೆಯಷ್ಟು. ಅತ್ತೆಗೆ ಬಗ್ಗಿ ಗೆರೆ ಎಳೆಯಲು ಆಗುತ್ತಿರಲಿಲ್ಲ, ನಾನೇ ಎಳೆದುಕೊಟ್ಟೆ: ಮಂಚದ ಕಾಲಿಗೆ ಸೊನ್ನೆ, ಬಾಗಿಲಿಗೆ ಠಾಣೆ, ಅಕ್ಕಿ ಡಬ್ಬಿಗೆ ಕಲ್ಯಾಣ. ಅಪ್ಪ ಪರದೆಯ ಆ ಕಡೆ ಚಾಪೆಯ ಮೇಲಿದ್ದ. ಅಂಕಲ್‌ನ ಉದಾಹರಣೆಯನ್ನು ಅತ್ತೆ ಎಂದೋ ಬಿಟ್ಟಿದ್ದಳು. ಈಗ ಅವಳ ಹತ್ತಿರ ಬೇರೆ ಲೆಕ್ಕವಿತ್ತು. ಅದನ್ನು ಅವಳು ಎಷ್ಟು ವರ್ಷದಿಂದ ಕೊಡುತ್ತಿದ್ದಳೋ, ನಾನು ಕೇಳಿದ್ದು ಅವತ್ತೇ ಮೊದಲು.

“ಬರೆದುಕೊಳ್ಳಿ,” ಎಂದಳು. “ಒಬ್ಬಳು ಹೆಂಗಸು ಡೊಂಬಿವಲಿಯಿಂದ ಠಾಣೆಗೆ ಹೊರಟಳು. ಹಳಿ ನೇರ ಗೆರೆ ಅಂತ ಇಟ್ಟುಕೊಳ್ಳಿ. ಮೊದಲು ಉಲ್ಟಾ ದಿಕ್ಕಿಗೆ ಹನ್ನೆರಡು ಕಿಲೋಮೀಟರ್ ಹೋದಳು. ಅಲ್ಲಿಂದ ತಿರುಗಿ ಇಪ್ಪತ್ತೇಳು ಕಿಲೋಮೀಟರ್ ಬಂದು ಠಾಣೆ ಮುಟ್ಟಿದಳು. ಆಮೇಲೆ ಠಾಣೆಯಿಂದ ಹದಿನೈದು ಕಿಲೋಮೀಟರ್, ಮನೆಗೆ. ಒಟ್ಟು ದೂರ ಎಷ್ಟು? ಡಿಸ್‌ಪ್ಲೇಸ್‌ಮೆಂಟ್ ಎಷ್ಟು?”

ಮಕ್ಕಳು ಕೂಡಿಸಿದವು, ಕಳೆದವು. ಒಟ್ಟು ಐವತ್ತನಾಲ್ಕು ಎಂದಿತು ಒಂದು. ಡಿಸ್‌ಪ್ಲೇಸ್‌ಮೆಂಟ್ ಝೀರೋ, ಟೀಚರ್ ಎಂದವು ಎಲ್ಲ. ಅತ್ತೆ ಸರಿ ಎಂದಳು. ಆಗ ಮುಂದೆ ಕೂತಿದ್ದ, ಎರಡು ಜಡೆಯ ಒಬ್ಬ ಮರಾಠಿ ಹುಡುಗಿ ಪೆನ್ಸಿಲ್ ಕಚ್ಚುತ್ತ ಕೇಳಿದಳು:

“ಟೀಚರ್, ಪಣ್ ತೀ ಉಲ್ಟೀ ಕಾ ಗೇಲೀ?”

ಆದರೆ ಅವಳು ಉಲ್ಟಾ ಯಾಕೆ ಹೋದಳು? ಇಷ್ಟು ವರ್ಷದಲ್ಲಿ ಯಾವ ಮಗುವೂ ಅದನ್ನು ಕೇಳಿರಲಿಲ್ಲವೇನೋ. ಲೆಕ್ಕಕ್ಕೆ ಅದು ಬೇಕಿಲ್ಲ. ಅತ್ತೆ ಚಾಕನ್ನು ಕೈಯಲ್ಲಿ ತಿರುಗಿಸುತ್ತ ಆ ಹುಡುಗಿಯ ಮುಖ ನೋಡಿದಳು. ಟ್ಯೂಷನ್ನಿನ ಮಕ್ಕಳ ಜೊತೆ ಅವಳು ಯಾವತ್ತೂ ಕನ್ನಡ ಮಾತಾಡಿದವಳಲ್ಲ.

“ಕೂತು ಹೋಗ್ಲಿಕ್ಕೆ,” ಎಂದಳು.

ಮಕ್ಕಳಿಗೆ ಅರ್ಥವಾಗಲಿಲ್ಲ. ಪರದೆಯ ಆ ಕಡೆ ಅಪ್ಪ ನೋವು ತಿಂದುಕೊಂಡು, ನಿಧಾನವಾಗಿ, ಗೋಡೆಯ ಕಡೆಗೆ ಮಗ್ಗುಲು ತಿರುಗಿದ.